ದಾದಿಯ ಮನಸ್ಸಿನ ಭಾರ

2020ರ ಮಾರ್ಚ್ ತಿಂಗಳು. ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತ್ಯದ ಆಸ್ಪತ್ರೆಗಳು ಕೊರೋನಾ ರೋಗಿಗಳಿಂದ ತುಂಬಿಹೋಗಿದ್ದವು. ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಒಂದು, ಕಾಯುವವರು ಹಲವರು. ಹಾಸಿಗೆ ಸಾಲದಾದರೆ ಬದುಕುವ ಸಂಭವ ಹೆಚ್ಚಿರುವವರಿಗೆ ಮೊದಲು ಕೊಡಬೇಕಾದೀತು, ವಯೋಮಿತಿಯನ್ನೂ ಇಡಬೇಕಾದೀತು ಎಂದು ಅಲ್ಲಿನ ಅರಿವಳಿಕೆ ತಜ್ಞರ ಸಂಘವು ಲಿಖಿತವಾಗಿ ತಿಳಿಸಿತು. ಯಾರಿಗೆ ಯಂತ್ರ, ಯಾರಿಗೆ ಇಲ್ಲ ಎಂದು ತೀರ್ಮಾನಿಸಿದ ವೈದ್ಯ ಮನೆಗೆ ಹೋಗಿ ಹೇಗೆ ನಿದ್ರಿಸಿಯಾನು?

ಅದೇ ವರ್ಷದ ಆರಂಭದಲ್ಲಿ ಚೀನಾದ 34 ಆಸ್ಪತ್ರೆಗಳ 1,257 ವೈದ್ಯರು ಮತ್ತು ದಾದಿಯರನ್ನು ವಿಚಾರಿಸಿದಾಗ, ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು, ಮೂರರಲ್ಲೊಬ್ಬರಲ್ಲಿ ನಿದ್ರಾಹೀನತೆ ಕಂಡುಬಂದವು. ದಾದಿಯರ ಸ್ಥಿತಿ ಇನ್ನೂ ಕಠಿಣ. ನ್ಯೂಯಾರ್ಕಿನ ತುರ್ತು ಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ 2020ರ ಏಪ್ರಿಲ್‌ನಲ್ಲಿ ತಾವೇ ಪ್ರಾಣ ಕಳೆದುಕೊಂಡರು. ವೈದ್ಯಕೀಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕಾಗಿ ಅಮೆರಿಕದಲ್ಲಿ 2022ರಲ್ಲಿ ಬಂದ ಕಾನೂನಿಗೆ ಅವರದೇ ಹೆಸರಿದೆ.

ದಣಿವು ಬೇರೆ, ಈ ನೋವು ಬೇರೆ. ದಣಿವು ರಜೆಯಲ್ಲಿ ತೀರೀತು. "ನಾನು ಉಳಿಸಬಹುದಿತ್ತು, ಉಳಿಸಲಿಲ್ಲ" ಎಂಬ ಕೊರಗು ರಜೆಯಲ್ಲಿ ಇನ್ನೂ ಬೆಳೆಯುತ್ತದೆ. ಇದಕ್ಕೆ ನೈತಿಕ ಗಾಯ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ಬಳಕೆಗೆ ತಂದ ಮಾತಿದು.

ಇಂಥವರು "ಇದು ಪಾಪವೇ, ಫಾದರ್?" ಎಂದು ಕೇಳಿದರೆ ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. ಮಾರಕ ಪಾಪವಾಗಲು ಗಂಭೀರ ವಿಷಯ, ಪೂರ್ಣ ಅರಿವು, ಮನಃಪೂರ್ವಕ ಸಮ್ಮತಿ ಮೂರೂ ಬೇಕು. ಇಲ್ಲದ ಯಂತ್ರವನ್ನು ಕೊಡಲಾಗದ ದಾದಿಯಲ್ಲಿ ಸಮ್ಮತಿ ಎಲ್ಲಿದೆ? ಇಷ್ಟು ಹೇಳಿ ಕೆಲಸ ಮುಗಿಯಿತೆಂದುಕೊಳ್ಳುವುದು ನಮ್ಮ ಗುರುವರ್ಗದ ಹಳೆಯ ದೌರ್ಬಲ್ಯ. ಪಾಪವಿಲ್ಲವೆಂದು ತಿಳಿದ ಮೇಲೂ ಗಾಯ ಇದ್ದೇ ಇರುತ್ತದೆ. ಪ್ರವಾದಿ ಎಲೀಯನು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣಿಸಿದ.

2020ರಲ್ಲಿ ನಮ್ಮ ದೇಶ ವೈದ್ಯರಿಗೆ, ದಾದಿಯರಿಗೆ ಚಪ್ಪಾಳೆ ತಟ್ಟಿತು. ಸೋಂಕಿಗೆ ಹೆದರಿ ಅವರನ್ನು ಬಾಡಿಗೆ ಮನೆಯಿಂದ ಬಿಡಿಸಿದವರೂ ನಮ್ಮ ನಡುವೆಯೇ ಇದ್ದರು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಆ ದಿನಗಳನ್ನು ಇಂದಿಗೂ ಹೊತ್ತಿರುವ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲೇ ಇರಬಹುದು. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಮೊದಲು ಊಟ, ನಿದ್ರೆ. ಅದೇ ರೋಗಿಯ ಕಥೆಯನ್ನು ಹತ್ತನೆಯ ಸಲ ಹೇಳಿದರೂ ನಡುವೆ ಬಾಯಿ ಹಾಕದೆ ಕೇಳಿ. "ನೀನು ದೇವತೆ" ಎಂದು ಹೊಗಳಬೇಡಿ. ಆಮೇಲೆ ಆಕೆ ತನ್ನ ಅಳಲನ್ನು ಹೇಳಿಕೊಳ್ಳಲಾರಳು.

ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಜಪಮಾಲೆಯೊಂದೇ ಸಾಕೆಂದು ತಡೆಯಬೇಡಿ, ಎರಡೂ ಇರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.