ಚುಕ್ಕಾಣಿಯನ್ನು ಆರಿಸುವ ಮುನ್ನ
ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಕಂಟೇನರ್ ನಿರ್ವಹಣೆಯ ಸಾಧನ: ಆರು ಹೆಜ್ಜೆಗಳು

ಪುಣೆಯ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ ಪರಮ್ 8000 ಯಂತ್ರವನ್ನು ಸಿದ್ಧಪಡಿಸಿದಂದಿನಿಂದ ಈ ನಗರಕ್ಕೂ ಮಹಾಗಣಕಗಳಿಗೂ ನಂಟು ಬೆಳೆದುಬಂದಿದೆ. ಅದೇ ಸಂಸ್ಥೆಯ ಪರಮ್ ಸಿದ್ಧಿ-ಎಐ 2020ರ ನವೆಂಬರಿನಲ್ಲಿ ಪ್ರಕಟವಾದ ಜಗತ್ತಿನ ಮಹಾಗಣಕಗಳ ಪಟ್ಟಿಯಲ್ಲಿ 63ನೆಯ ಸ್ಥಾನವನ್ನು ಪಡೆಯಿತು. ಇತ್ತ ಮೈಕ್ರೋಸಾಫ್ಟಿನ ಕ್ಲೌಡ್ ಕೇಂದ್ರವು 2015ರಿಂದ ಪುಣೆಯಲ್ಲಿಯೂ, ಅಮೆಜಾನಿನದು 2016ರಿಂದ ಮುಂಬಯಿಯಲ್ಲಿಯೂ ಉಂಟು. ಹೀಗೆ ಸ್ವಂತ ಯಂತ್ರವೂ ಬಾಡಿಗೆಯ ಯಂತ್ರವೂ ಕೈಗೆಟುಕುವಂತಿರುವ ಊರಿನಲ್ಲಿ, ಹಿಂಜವಡಿಯಲ್ಲೋ ಖರಾಡಿಯಲ್ಲೋ ದುಡಿಯುವ ಕನ್ನಡದ ತರುಣರು ಮೊದಲು ಕೇಳುವ ಪ್ರಶ್ನೆ ‘ಕುಬರ್ನೆಟೀಸೋ, ಸ್ಲರ್ಮೋ?’ ಎಂಬುದು. ಆದರೆ ಅದು ಕೊನೆಯಲ್ಲಿ ಕೇಳತಕ್ಕ ಪ್ರಶ್ನೆ.

ಕಂಟೇನರೆಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಪರಿಕರಗಳನ್ನೂ ಒಟ್ಟಿಗೆ ಕಟ್ಟಿದ ಬುತ್ತಿ. ಎಲ್ಲಿ ಬಿಚ್ಚಿದರೂ ಊಟ ಒಂದೇ. ಇಂಥ ನೂರಾರು ಬುತ್ತಿಗಳನ್ನು ಯಾವ ಯಂತ್ರದಲ್ಲಿ ಬಿಚ್ಚಬೇಕು, ಒಂದು ಕೆಟ್ಟರೆ ಮತ್ತೊಂದನ್ನು ಎಲ್ಲಿ ಹೂಡಬೇಕು ಎಂಬುದನ್ನು ನಿರ್ಣಯಿಸುವುದೇ ಕುಬರ್ನೆಟೀಸ್, ಸ್ಲರ್ಮ್ ಮುಂತಾದ ಸಾಧನಗಳ ಕಾರ್ಯ.

1. ಕೆಲಸದ ಸ್ವಭಾವವನ್ನು ಅರಿಯಿರಿ. ಮಾದರಿಯನ್ನು ತರಬೇತುಗೊಳಿಸುವ ಕೆಲಸಕ್ಕೆ ಆದಿಯೂ ಅಂತ್ಯವೂ ಉಂಟು. ಅದು ಸರದಿಯಲ್ಲಿ ಕಾಯಬಲ್ಲುದು. ತರಬೇತಾದ ಮಾದರಿಯಿಂದ ಗ್ರಾಹಕರಿಗೆ ಉತ್ತರ ಕೊಡಿಸುವ ಕೆಲಸಕ್ಕೆ ಅಂತ್ಯವೇ ಇಲ್ಲ. ಅದು ಕ್ಷಣವೂ ಕಾಯಲಾರದು. ನಿಮ್ಮಲ್ಲಿ ಯಾವುದು ಎಷ್ಟು ಪಾಲು ಎಂಬುದನ್ನು ಬರೆದಿಟ್ಟುಕೊಳ್ಳಿ.

2. ಎರಡು ವಾರ ಅಳೆಯಿರಿ. ಈಗಿರುವ ಜಿಪಿಯುಗಳ ಮುಂದೆ ಕುಳಿತು ಎನ್‌ವಿಡಿಯಾ-ಎಸ್‌ಎಂಐ ಆದೇಶವನ್ನು ಕೊಟ್ಟು ನೋಡಿದರೆ, ಮೆಮೊರಿಯೆಲ್ಲ ತುಂಬಿದ್ದು ಬಳಕೆಯ ಅಂಕಿ ಮಾತ್ರ ಶೂನ್ಯವಾಗಿರುವ ಸಾಲೊಂದು ಕಾಣಸಿಕ್ಕೀತು: ಯಾರೋ ನೋಟ್‌ಬುಕ್ಕನ್ನು ತೆರೆದಿಟ್ಟು ಚಹಾಕ್ಕೆ ಹೋಗಿದ್ದಾರೆ. ಇಂಥ ಸಾಲುಗಳೇ ಹೆಚ್ಚಾಗಿದ್ದರೆ ನಿಮಗೆ ಬೇಕಾದುದು ಹೊಸ ಯಂತ್ರವಲ್ಲ, ಇರುವುದನ್ನು ಹಂಚುವ ಕ್ರಮ. ಎ100 ಜಿಪಿಯುವೊಂದನ್ನು ಗರಿಷ್ಠ 7 ಭಾಗಗಳಾಗಿ ವಿಂಗಡಿಸಲು ಸಾಧ್ಯವೆಂಬುದನ್ನು ಇಲ್ಲಿ ನೆನೆಯಬಹುದು.

3. ದತ್ತಾಂಶದ ನೆಲೆಯನ್ನು ಗೊತ್ತುಪಡಿಸಿ. ರೋಗಿಗಳ ಅಥವಾ ಖಾತೆದಾರರ ವೈಯಕ್ತಿಕ ವಿವರಗಳಿದ್ದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಗಮನದಲ್ಲಿರಿಸಬೇಕು. ಕ್ಲೌಡಿಗೆ ದತ್ತಾಂಶವನ್ನು ಏರಿಸುವುದು ಸಾಮಾನ್ಯವಾಗಿ ಅಗ್ಗ, ಹೊರತೆಗೆಯುವುದಕ್ಕೆ ಶುಲ್ಕ. ಸ್ವಂತ ಆವರಣದಲ್ಲಿಯೂ ವೆಚ್ಚವುಂಟು: 8 ಜಿಪಿಯುಗಳ ಡಿಜಿಎಕ್ಸ್ ಎ100 ಯಂತ್ರವೊಂದೇ ಗರಿಷ್ಠ 6.5 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸಬಲ್ಲುದು. ಅದರ ಕಾವನ್ನು ಪುಣೆಯ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಣಿಸುವ ಖರ್ಚು ಬೇರೆ.

4. ಈಗ ಸಾಧನವನ್ನು ಹೊಂದಿಸಿ. ತರಬೇತಿಯೇ ಪ್ರಧಾನವಾಗಿದ್ದು ಯಂತ್ರಗಳು ಸ್ವಂತದವಾಗಿದ್ದರೆ, ಮಹಾಗಣಕ ಕೇಂದ್ರಗಳಲ್ಲಿ ರೂಢವಾಗಿರುವ ಸ್ಲರ್ಮ್ ಸಾಕು. ಆಪ್ಟೇನರ್‌ನ ನೆರವಿನಿಂದ ಅದು ಕಂಟೇನರುಗಳನ್ನೂ ನಡೆಸುತ್ತದೆ. ಉತ್ತರ ಕೊಡುವ ಸೇವೆಯೇ ಪ್ರಧಾನವಾಗಿದ್ದರೆ, ಗೂಗಲ್ 2014ರಲ್ಲಿ ಮುಕ್ತಗೊಳಿಸಿದ, ಗ್ರೀಕಿನಲ್ಲಿ ಚುಕ್ಕಾಣಿಗನೆಂಬ ಅರ್ಥವುಳ್ಳ ಹೆಸರಿನ ಕುಬರ್ನೆಟೀಸ್ ಯೋಗ್ಯ. ಯಂತ್ರಗಳು ಮೂರೋ ನಾಲ್ಕೋ ಆದರೆ ಅದರ ಹಗುರ ರೂಪವಾದ ಕೆ3ಎಸ್ ಅಥವಾ ಬೇರೆಯೇ ಸಾಧನವಾದ ನೊಮ್ಯಾಡ್ ಪರಿಶೀಲನಾರ್ಹ.

ಎರಡೂ ಬಗೆಯ ಕೆಲಸವನ್ನು ಕುಬರ್ನೆಟೀಸಿನಲ್ಲಿಯೇ ನಡೆಸುವಲ್ಲಿ ಮಾತ್ರ ತುಸು ಎಚ್ಚರ ಬೇಕು. ನಿಮ್ಮಲ್ಲಿ 12 ಜಿಪಿಯುಗಳಿವೆ, ತಲಾ 8 ಬೇಡುವ ಎರಡು ತರಬೇತಿಗಳು ಏಕಕಾಲಕ್ಕೆ ಬಂದಿವೆ ಎಂದುಕೊಳ್ಳಿ. ಕುಬರ್ನೆಟೀಸಿನ ಸಾಮಾನ್ಯ ಹಂಚಿಕೆಯು ಒಂದೊಂದು ತುಣುಕನ್ನೂ ಬಿಡಿಬಿಡಿಯಾಗಿ ನೋಡುವುದರಿಂದ, ಇದಕ್ಕೆ 6 ಅದಕ್ಕೆ 6 ದೊರೆತು, ಎರಡೂ ಉಳಿದ ಎರಡಕ್ಕಾಗಿ ಬಾಯಿಬಿಟ್ಟು ಕುಳಿತುಬಿಡಬಹುದು. ಬಾಡಿಗೆ ಏರುತ್ತಲೇ ಇರುತ್ತದೆ, ಕೆಲಸ ಮಾತ್ರ ಸಾಗದು. ಪಂಢರಪುರಕ್ಕೆ ಹೊರಟ ದಿಂಡಿಯಂತೆ ಎಲ್ಲರೂ ಕೂಡಿದ ಮೇಲೆಯೇ ಹೆಜ್ಜೆಯಿಡಿಸುವ ಕ್ಯೂ ಅಥವಾ ವಾಲ್ಕೇನೋ ಎಂಬ ಪೂರಕಗಳನ್ನು ಅಳವಡಿಸುವುದು ಈ ಕಾರಣದಿಂದ ಅವಶ್ಯ.

5. ಕ್ಲೌಡ್, ಸ್ವಂತ ಆವರಣ ಎಂಬ ಎರಡು ದಡಗಳಿಗೂ ಒಂದೇ ರೂಢಿಯಿರಲಿ. ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್ ಮೂವರೂ ಕುಬರ್ನೆಟೀಸನ್ನು ತಾವೇ ನಿರ್ವಹಿಸಿ ಕೊಡುತ್ತಾರೆ. ಸ್ವಂತ ಆವರಣಕ್ಕೆ ರೆಡ್ ಹ್ಯಾಟ್‌ನ ಓಪನ್‌ಶಿಫ್ಟ್ ಮುಂತಾದವುಂಟು. ಆದರೆ ಹೆಸರು ಒಂದೇ ಆದಮಾತ್ರಕ್ಕೆ ಎಲ್ಲವೂ ಒಂದೆಂದು ಭಾವಿಸಲಾಗದು. ದತ್ತಾಂಶವನ್ನಿಡುವ ಬಗೆ, ಜಿಪಿಯುವಿನ ಚಾಲಕ ತಂತ್ರಾಂಶ, ಪ್ರವೇಶದ ಅನುಮತಿಗಳು ಎಡೆಯಿಂದೆಡೆಗೆ ಬೇರೆಯಾಗುತ್ತವೆ. ಈ ಮೂರನ್ನೂ ಪಟ್ಟಿಮಾಡಿಟ್ಟುಕೊಳ್ಳತಕ್ಕದ್ದು.

6. ಕೆಡಿಸಿ ನೋಡಿ. ಸಣ್ಣದೊಂದು ತರಬೇತಿಯನ್ನು ಹೂಡಿ, ನಡುವೆ ಯಂತ್ರವೊಂದರ ವಿದ್ಯುತ್ತನ್ನು ಬೇಕೆಂದೇ ಕಡಿದುಹಾಕಿ. ಕೆಲಸವು ಕೊನೆಯದಾಗಿ ಉಳಿಸಿಟ್ಟ ಹಂತದಿಂದ ಮುಂದುವರಿಯಿತೇ, ಮೊದಲಿನಿಂದ ಶುರುವಾಯಿತೇ? ಸರಿಪಡಿಸಿದವರು ಯಾರು, ಎಷ್ಟು ಹೊತ್ತು ಹಿಡಿಯಿತು? ಬಲ್ಲವರು ಒಬ್ಬರೇ ಆಗಿದ್ದು ಅವರು ದೀಪಾವಳಿಗೆ ಧಾರವಾಡಕ್ಕೆ ಹೋಗಿಬಿಟ್ಟರೆ, ಎಷ್ಟೇ ಪ್ರಬಲವಾದ ಸಾಧನವೂ ಆ ನಾಲ್ಕು ದಿನ ನಿಷ್ಪ್ರಯೋಜಕ. ಆದುದರಿಂದ ಉಳಿದ ಗುಣಗಳಲ್ಲಿ ಎರಡು ಸಾಧನಗಳು ಸರಿಸಮವಾಗಿ ಕಂಡಾಗ, ನಿಮ್ಮ ತಂಡದಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರುವುದನ್ನೇ ಆರಿಸಿ. ಆ ಎರಡನೆಯವರ ಹೆಸರನ್ನು ಮೊದಲ ಹೆಜ್ಜೆಯ ಹಾಳೆಯಲ್ಲಿಯೇ ಬರೆದಿಡಿ.