ದಾನಕ್ಕೆ ಮುನ್ನ ಅಗತ್ಯದ ಪಟ್ಟಿ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಸೂಳೆಕೆರೆಯ ಸೀಮೆಯಲ್ಲಿರುವ ಕೆರೆಬಿಳಚಿಯ ಜನರಿಗೆ ಆ ಕೆರೆಯ ಐತಿಹ್ಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿನಲ್ಲಿ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿಸಿದವಳು ಶಾಂತವ್ವ. ಕೆರೆಗೆ ನೆಲ ಬಿಟ್ಟುಕೊಟ್ಟ ಗಣಿಕೆಯರು ಕೆರೆಗೆ ತಮ್ಮ ಹೆಸರೇ ಉಳಿಯಬೇಕೆಂದು ಕೇಳಿದರೆಂಬುದು ಜನರ ನಂಬಿಕೆ. ದಾನ ಮಾಡಿದವರು ಹೆಸರನ್ನು ಬಯಸುವುದು ಇಂದಿನ ಮಾತಲ್ಲ. ಅದರಲ್ಲಿ ತಪ್ಪೂ ಇಲ್ಲ. ಆದರೆ ಆ ದಾನವು ಬಾಳಿದ್ದು ಹೆಸರಿನಿಂದಲ್ಲ. ನೀರು ಬೇಕಾದ ಸೀಮೆಯಲ್ಲಿ, ನೀರು ನಿಲ್ಲುವ ಸ್ಥಳದಲ್ಲಿ ಅದು ನೆಲೆಗೊಂಡಿತೆಂಬುದರಿಂದ.

ಕರ್ನಾಟಕದ ಹಳೆಯ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಪದ ಬರುತ್ತದೆ. ಕೆರೆಯ ದುರಸ್ತಿಗಾಗಿ ಭೂಮಿಯನ್ನೋ ಬೆಳೆಯ ಒಂದು ಭಾಗವನ್ನೋ ಮೀಸಲಿಡುವ ಏರ್ಪಾಡು ಅದು. ಕಟ್ಟುವುದರ ಜೊತೆಗೆ ಕಾಪಾಡುವುದನ್ನೂ ಹಿರಿಯರು ಯೋಚಿಸಿದ್ದರು. ಅಗತ್ಯ ಎಲ್ಲಿದೆ, ನಿರ್ವಹಣೆ ಯಾರದು ಎಂಬ ಎರಡು ಪ್ರಶ್ನೆಗಳೇ ಈ ಪಾಠದ ವಿಷಯ.

1. ಕೊಡುವವರ ಇಚ್ಛೆ ಮತ್ತು ಊರಿನ ಅಗತ್ಯ

ಇಂದು ಗ್ರಾಮಗಳಿಗೆ ನೆರವು ಹಲವು ದಾರಿಗಳಿಂದ ಬರುತ್ತದೆ. ಶಾಲೆಯ ಹಳೆಯ ವಿದ್ಯಾರ್ಥಿಗಳು, ಅಡಿಕೆ ಬೆಳೆಗಾರರು, ಸಹಕಾರ ಸಂಘಗಳು, ಮಠ ಮತ್ತು ಮಸೀದಿಗಳ ಸಮಿತಿಗಳು, ಹೊರ ಊರುಗಳಲ್ಲಿ ದುಡಿಯುವ ಮಕ್ಕಳು ಕೊಡುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಅನ್ವಯ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು.

ದಾನಿಗಳು ಸಾಮಾನ್ಯವಾಗಿ ಕಣ್ಣಿಗೆ ಕಂಡದ್ದಕ್ಕೆ ಕೊಡುತ್ತಾರೆ. ರಸ್ತೆಯ ಪಕ್ಕದ ಶಾಲೆಗೆ ಎರಡು ಬಾರಿ ಬ್ಯಾಗು ಬರಬಹುದು. ತಾಂಡಾದ ಅಂಗನವಾಡಿಗೆ ಒಮ್ಮೆಯೂ ಬಾರದಿರಬಹುದು. ಇದು ದಾನಿಯ ದೋಷವಲ್ಲ. ಊರು ತನ್ನ ಅಗತ್ಯವನ್ನು ಬರೆದಿಡದಿದ್ದರೆ ದಾನಿಗೆ ತಿಳಿಯುವ ಬಗೆ ಯಾವುದು?

ಒಂದು ತಾಲ್ಲೂಕಿನ ಪಟ್ಟಿ ಮತ್ತೊಂದಕ್ಕೆ ಹೊಂದುವುದೂ ಇಲ್ಲ. ಜಗಳೂರಿನದು ಬರದ ಚಿಂತೆ. ಹೊನ್ನಾಳಿಯ ನದಿತೀರದ ಗ್ರಾಮಗಳದು ತುಂಗಭದ್ರೆ ಉಕ್ಕಿದಾಗಿನ ಚಿಂತೆ. ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ತೋಟವಿರುವ ಮನೆಗೂ ತೋಟದ ಕೂಲಿಗೆ ಹೋಗುವ ಮನೆಗೂ ಅಗತ್ಯಗಳು ಬೇರೆ.

2. ಅಗತ್ಯವನ್ನು ಅರಿಯುವ ಕ್ರಮ

ಅ) ಇರುವ ಮಾಹಿತಿಯನ್ನು ಮೊದಲು ಒಟ್ಟುಗೂಡಿಸಬೇಕು. ‘ನಮ್ಮ ಗ್ರಾಮ ನಮ್ಮ ಯೋಜನೆ’ಯ ದಾಖಲೆ, ಅಂತ್ಯೋದಯ ಸಮೀಕ್ಷೆ, ಅಂಗನವಾಡಿಯ ತೂಕದ ದಾಖಲೆ ಮತ್ತು ಶಾಲೆಯ ಹಾಜರಾತಿ ಕೈಯಳತೆಯಲ್ಲೇ ಇವೆ.

ಆ) ಊರನ್ನು ನಡೆದು ನೋಡಬೇಕು. ನೀರುಗಂಟಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಜೊತೆಗಿದ್ದರೆ ಯಾವ ಬೀದಿಯ ಕೊಳಾಯಿ ಒಣಗಿದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ತಿಳಿಯುತ್ತದೆ.

ಇ) ಸಭೆಯಲ್ಲಿ ಮಾತನಾಡದವರನ್ನು ಅವರಿರುವಲ್ಲಿಯೇ ಕೇಳಬೇಕು. ಮಹಿಳೆಯರನ್ನು ಸ್ವಸಹಾಯ ಸಂಘದ ವಾರದ ಸಭೆಯಲ್ಲಿ, ಕೂಲಿಯವರನ್ನು ಸಂಜೆ ಮನೆಗೆ ಮರಳಿದ ಮೇಲೆ ಕೇಳುವುದು ಸೂಕ್ತ. ಮನೆಮಾತು ಉರ್ದು ಅಥವಾ ಲಂಬಾಣಿ ಆಗಿರುವಲ್ಲಿ ಆ ಭಾಷೆ ಬಲ್ಲವರೇ ಕೇಳಬೇಕು.

ಈ) ‘ಏನು ಬೇಕು?’ ಎಂದು ಕೇಳಿದರೆ ವಸ್ತುವಿನ ಹೆಸರು ಬರುತ್ತದೆ. ‘ಏನು ಕಷ್ಟ, ದಿನದ ಯಾವ ಹೊತ್ತಿನಲ್ಲಿ, ಈಗ ಹೇಗೆ ನಿಭಾಯಿಸುತ್ತೀರಿ?’ ಎಂದು ಕೇಳಿದರೆ ಅಗತ್ಯ ಹೊರಬರುತ್ತದೆ.

3. ಒಂದು ಮಾದರಿ ಲೆಕ್ಕ

60 ಮನೆಗಳ, 300 ಜನರ ಒಂದು ತಾಂಡಾವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದಾನಿಯೊಬ್ಬರು ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಸ್ಥಾಪಿಸಲು ಮುಂದೆ ಬಂದಿದ್ದಾರೆ. ಜಲ ಜೀವನ್ ಮಿಷನ್‌ನ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್. ಎಂದರೆ ತಾಂಡಾಕ್ಕೆ 16,500 ಲೀಟರ್ ಬೇಕು. ಟ್ಯಾಂಕಿನ ಅಳತೆಯೂ ಪಂಪು ನಡೆಯುವ ಸಮಯವೂ ಅಷ್ಟು ನೀರು ಪೂರೈಕೆಯಾಗುತ್ತಿದೆ ಎಂದೇ ತೋರಿಸುತ್ತವೆ. ಆದರೂ ನೀರಿಲ್ಲವೆಂಬ ದೂರು ನಿಂತಿಲ್ಲ.

ಮಹಿಳೆಯರನ್ನು ಕೇಳಿದಾಗ ಕಾರಣ ತಿಳಿಯುತ್ತದೆ. ನೀರು ಬಿಡುವುದು ಬೆಳಿಗ್ಗೆ 10 ಗಂಟೆಗೆ. ಅವರು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವುದು 8ಕ್ಕೆ. ಇಲ್ಲಿ ಬೇಕಾದದ್ದು ಘಟಕವಲ್ಲ, ನೀರು ಬಿಡುವ ಹೊತ್ತಿನ ಬದಲಾವಣೆ. ಅದಕ್ಕೆ ಒಂದು ರೂಪಾಯಿಯೂ ಬೇಡ. ಆದರೆ ನೀರಿನ ಪರೀಕ್ಷೆಯಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ್ದರೆ, ಬೇರೆ ಸುರಕ್ಷಿತ ನೀರಿನ ಮೂಲವೂ ಇಲ್ಲದಿದ್ದರೆ, ಅದೇ ಘಟಕವು ನಿಜವಾದ ಅಗತ್ಯವಾಗುತ್ತದೆ. ಪರೀಕ್ಷಿಸದೆ, ಕೇಳದೆ ಎರಡರಲ್ಲಿ ಯಾವುದೆಂದು ಹೇಳಲಾಗದು.

4. ಸಭೆಯ ಒಪ್ಪಿಗೆ

ಸಂಗ್ರಹಿಸಿದ ಅಗತ್ಯಗಳನ್ನು ಮೂರಾಗಿ ವಿಂಗಡಿಸಬೇಕು: ಸರ್ಕಾರದ ಯೋಜನೆಯಿಂದ ಹಕ್ಕಾಗಿ ದೊರೆಯಬೇಕಾದುವು, ಪಂಚಾಯಿತಿಯ ಆಡಳಿತವೇ ಸರಿಪಡಿಸಬಹುದಾದುವು, ದಾನಿಗಳ ಮುಂದಿಡಬಹುದಾದುವು. ಪಿಂಚಣಿಗೆ ಅರ್ಹಳಾದ ವೃದ್ಧೆಗೆ ದಾನದ ಅಕ್ಕಿ ಕೊಡಿಸಿ ಸುಮ್ಮನಾಗುವುದು ನೆರವಲ್ಲ. ಅವಳ ಅರ್ಜಿಯನ್ನು ಬರೆಸುವುದು ಮೊದಲ ಕರ್ತವ್ಯ.

ಮೂರನೆಯ ಪಟ್ಟಿಯನ್ನು ವಾರ್ಡ್ ಸಭೆಗಳಲ್ಲಿ ಚರ್ಚಿಸಿ, ಗ್ರಾಮ ಸಭೆಯಲ್ಲಿ ಆದ್ಯತೆಯ ಕ್ರಮದಲ್ಲಿ ಅಂಗೀಕರಿಸಿ, ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಇದರಿಂದ ಸದಸ್ಯರಿಗೂ ಒಂದು ಬಲ ಬರುತ್ತದೆ. ‘ನಿಮ್ಮ ಕೊಡುಗೆ ಬೇಡ’ ಎಂದು ದಾನಿಗೆ ಹೇಳುವುದು ಕಷ್ಟ. ‘ಸಭೆಯು ಮೊದಲು ಕೇಳಿರುವುದು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರನ್ನು’ ಎಂದು ಹೇಳುವುದು ಸುಲಭ. ಹೆಚ್ಚಿನ ದಾನಿಗಳಿಗೆ ಬೇಕಾದದ್ದೂ ಇಂತಹ ಸ್ಪಷ್ಟ ಉತ್ತರವೇ.

5. ಪಡೆಯುವವರ ಮರ್ಯಾದೆ

ಪ್ರಕಟಿಸುವ ಪಟ್ಟಿಯಲ್ಲಿ ಸಾರ್ವಜನಿಕ ಅಗತ್ಯಗಳು ಮಾತ್ರ ಇರಬೇಕು. ರೋಗ, ಸಾಲ, ಬಡತನದ ವಿವರಗಳೊಂದಿಗೆ ಕುಟುಂಬಗಳ ಹೆಸರನ್ನು ಸಭೆಯಲ್ಲಿ ಓದಬಾರದು. ನೆರವು ಪಡೆದವರನ್ನು ಸಾಲಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆಯಿಸುವ ರೂಢಿಯನ್ನು ಸದಸ್ಯರೇ ತಡೆಯಬೇಕು. ಫೋಟೋಕ್ಕೆ ಅಂಜಿ ಮನೆಯಲ್ಲೇ ಉಳಿಯುವವರು ಅನೇಕ ವೇಳೆ ಹೆಚ್ಚು ಕಷ್ಟದಲ್ಲಿರುವವರೇ ಆಗಿರುತ್ತಾರೆ.

6. ಇಂದಿನ ಬಿತ್ತುವಟ್ಟ

ಪ್ರತಿ ಕೊಡುಗೆಯ ಮುಂದೆ ಮೂರು ಅಂಕಣಗಳನ್ನು ಬರೆಯಬೇಕು: ನಿರ್ವಹಣೆ ಯಾರದು, ವರ್ಷದ ವೆಚ್ಚವೆಷ್ಟು, ಹಣದ ಮೂಲ ಯಾವುದು. ಈ ಅಂಕಣಗಳು ತುಂಬದೆ ಯಾವ ಯಂತ್ರವನ್ನೂ ಸ್ವೀಕರಿಸಬಾರದು. ನಗದು ದೇಣಿಗೆಯನ್ನು ಕೈಗೆ ಪಡೆಯದೆ ಪಂಚಾಯಿತಿಯ ಖಾತೆಗೆ ಜಮಾ ಮಾಡಿಸಿ ರಶೀದಿ ಕೊಡಬೇಕು. ಆರು ತಿಂಗಳ ನಂತರ ಬಳಸುವವರನ್ನೇ ಮತ್ತೆ ಕೇಳಿ, ಅವರ ಉತ್ತರವನ್ನು ಮುಂದಿನ ಗ್ರಾಮ ಸಭೆಯಲ್ಲಿ ಓದಬೇಕು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಎರಡು ವರ್ಷಗಳಲ್ಲಿ ತಮ್ಮ ಪಂಚಾಯಿತಿಗೆ ಬಂದ ಕೊಡುಗೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವುವು ಎಷ್ಟು?
2. ಕಳೆದ ಗ್ರಾಮ ಸಭೆಯಲ್ಲಿ ಮಾತನಾಡದೆ ಉಳಿದ ಬೀದಿ ಅಥವಾ ತಾಂಡಾ ಯಾವುದು? ಅಲ್ಲಿಗೆ ಯಾರು, ಯಾವಾಗ ಹೋಗುತ್ತಾರೆ?
3. ನಾಳೆಯೇ ದಾನಿಯೊಬ್ಬರು ಬಂದರೆ ಅವರ ಮುಂದಿಡಲು ಸಭೆ ಒಪ್ಪಿದ ಪಟ್ಟಿ ಸಿದ್ಧವಿದೆಯೇ?