ಬೇಳೆಯ ಪಾವು, ಬೇಳೆಯ ಗ್ರಾಂ

ತವರಿನಿಂದ ನಾವು ಹೊತ್ತು ತಂದ ಪಾಕವಿಧಾನಗಳೆಲ್ಲ ಪಾವು, ಅರೆಪಾವು, ಚಟಾಕುಗಳ ಭಾಷೆಯಲ್ಲಿವೆ. ನಾವು ನೆಲೆಸಿರುವ ನಗರದ ಅಂಗಡಿಯಲ್ಲಾದರೋ ಬೇಳೆ ದೊರೆಯುವುದು ಕಿಲೋ ಲೆಕ್ಕದಲ್ಲಿ. ವೈದ್ಯರು ಬರೆದುಕೊಡುವ ಪಥ್ಯದ ಚೀಟಿಯಲ್ಲಿರುವುದು ಗ್ರಾಂ. ಮೊದಲನೆಯದು ಗಾತ್ರದ ಅಳತೆ, ಉಳಿದೆರಡು ತೂಕ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಲು ಬಾರದಿದ್ದರೆ ಸಾರಿನ ಹದ ಕೆಡುವುದು ಹಾಗಿರಲಿ, ಮನೆಯವರ ಹೊಟ್ಟೆಗೆ ಎಷ್ಟು ಬೇಳೆ ಸೇರುತ್ತಿದೆಯೆಂಬುದೇ ತಿಳಿಯದು.

ಮುಂಬಯಿ, ಪುಣೆಗಳಲ್ಲಿರುವವರಿಗೆ ಇನ್ನೂ ಒಂದು ತೊಡಕುಂಟು. ಅಲ್ಲಿ ‘ಪಾವ್ ಕಿಲೋ’ ಎಂದರೆ ೨೫೦ ಗ್ರಾಂ ತೂಕ. ಹಳೆಯ ಮೈಸೂರಿನ ಕಡೆಯ ಪಾವು ಎಂಬುದಾದರೋ ಸೇರಿನ ಕಾಲುಭಾಗ ಹಿಡಿಯುವ ಪಾತ್ರೆ. ಸೇರಿಗೂ ಇದೇ ಇಬ್ಬಗೆ: ಉತ್ತರದಲ್ಲಿ ಅದು ೮೦ ತೊಲದ, ಅಂದರೆ ಸುಮಾರು ೯೩೩ ಗ್ರಾಮಿನ ತೂಕ, ನಮ್ಮಲ್ಲಿ ಧಾನ್ಯ ಅಳೆಯುವ ಪಾತ್ರೆ, ಅದೂ ಊರಿಂದ ಊರಿಗೆ ಬೇರೆ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಮೆಟ್ರಿಕ್ ಪದ್ಧತಿ ಬಂದು ಸೇರು ಅಂಗಡಿಗಳಿಂದ ಹೊರಟುಹೋಯಿತು. ಅಡಿಗೆಮನೆಯನ್ನು ಮಾತ್ರ ಬಿಡಲಿಲ್ಲ.

ಒಂದು ಮಿಲಿಲೀಟರು ನೀರಿನ ತೂಕ ಒಂದು ಗ್ರಾಂ. ಬೇಳೆಯ ಕಾಳು ನೀರಿನಲ್ಲಿ ಮುಳುಗುವಷ್ಟು ಭಾರವಾದರೂ, ಪಾತ್ರೆಯಲ್ಲಿ ತುಂಬಿದಾಗ ಕಾಳುಗಳ ನಡುವೆ ಗಾಳಿ ಉಳಿಯುವುದರಿಂದ ಒಟ್ಟು ತೂಕ ನೀರಿಗಿಂತ ಕಡಿಮೆ. ತೊಗರಿ, ಕಡಲೆ, ಹೆಸರು, ಉದ್ದು ಇವುಗಳ ಬೇಳೆಗಳಲ್ಲಿ ವ್ಯತ್ಯಾಸ ಅಲ್ಪ. ಮಿಲಿಲೀಟರಿಗೆ ೦.೮ ಗ್ರಾಂ ಎಂದು ಹಿಡಿದರೆ ಮನೆಯ ಲೆಕ್ಕಕ್ಕೆ ಸಾಕು. ೨೫೦ ಮಿಲಿಲೀಟರು ಹಿಡಿಯುವ ಪಾವಿನಲ್ಲಿ ಬೇಳೆ ಸುಮಾರು ೨೦೦ ಗ್ರಾಂ. ಪಾವಿನ ಬದಲು ‘ಪಾವ್ ಕಿಲೋ’ ಹಾಕಿದ ಗೃಹಿಣಿಯ ಬಿಸಿಬೇಳೆಭಾತಿನಲ್ಲಿ ಬೇಳೆ ಕಾಲುಪಾಲು ಹೆಚ್ಚಾಗುವುದು ಹೀಗೆ! ಅಕ್ಕಿಯ ತೂಕವೂ ಬೇಳೆಗೆ ಸಮೀಪವೇ ಆದುದರಿಂದ ಇಡ್ಲಿಯ ಮೂರಕ್ಕೊಂದು ಪ್ರಮಾಣವನ್ನು ಪಾವಿನಲ್ಲಿ ಅಳೆದರೂ ತಕ್ಕಡಿಯಲ್ಲಿ ತೂಗಿದರೂ ಬಾಧಕವಿಲ್ಲ. ಈ ಸೂತ್ರವನ್ನು ಹಿಟ್ಟಿಗೆ ಮಾತ್ರ ಅನ್ವಯಿಸಬಾರದು. ಜರಡಿಯಾಡಿದ ಕಡಲೆಹಿಟ್ಟು ಅದೇ ಪಾವಿನಲ್ಲಿ ಬೇಳೆಯ ಅರ್ಧದಷ್ಟು ತೂಗಿದರೆ ಹೆಚ್ಚು.

ನಿಮ್ಮ ಮನೆಯ ಲೋಟದ ಅಳತೆಯನ್ನು ಅರಿಯಲು ತಕ್ಕಡಿಯೂ ಬೇಡ. ಒಂದು ಕಿಲೋ ಬೇಳೆಯ ಹೊಸ ಪೊಟ್ಟಣವನ್ನು ಒಡೆದಾಗ ಎಷ್ಟು ಲೋಟವಾಗುವುದೆಂದು ಎಣಿಸಿ, ಸಾವಿರವನ್ನು ಆ ಸಂಖ್ಯೆಯಿಂದ ಭಾಗಿಸಿರಿ. ಆರೂಕಾಲು ಲೋಟವಾದರೆ ಲೋಟಕ್ಕೆ ೧೬೦ ಗ್ರಾಂ. ಗೋಪುರದಂತೆ ತುಂಬದೆ, ಪಾತ್ರೆಯನ್ನು ಕುಟ್ಟದೆ, ಮೇಲ್ಭಾಗವನ್ನು ಬೆರಳಿನಿಂದ ಸಮನಾಗಿ ಸವರಬೇಕು. ಆ ಸಂಖ್ಯೆಯನ್ನು ಬೇಳೆಯ ಡಬ್ಬಿಯ ಮೇಲೆಯೇ ಬರೆದಿಡುವುದು ಉತ್ತಮ.

ಇಷ್ಟೆಲ್ಲ ಲೆಕ್ಕವೇಕೆಂದು ಕೇಳಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೨೪ರ ಆಹಾರ ಸೂಚಿಯಲ್ಲಿ ದಿನಕ್ಕೆ ೨೦೦೦ ಕ್ಯಾಲೊರಿಯ ಊಟಕ್ಕೆ ಬೇಳೆಕಾಳು ೮೫ ಗ್ರಾಂ ಇದೆ. ಮೇಲೆ ಹೇಳಿದ ಲೋಟದಲ್ಲಿ ಇದು ಅರ್ಧಕ್ಕಿಂತ ತುಸು ಹೆಚ್ಚು. ನಾಲ್ವರಿರುವ ಮನೆಯಲ್ಲಿ ದಿನಕ್ಕೆ ಒಂದೇ ಲೋಟ ಬೇಳೆ ಬೇಯಿಸಿದರೆ ತಲೆಗೆ ೪೦ ಗ್ರಾಂ ಮಾತ್ರ. ದೋಸೆಯ ಉದ್ದು, ಉಸುಳಿಯ ಕಾಳು ಇವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು ನಿಜ. ಆದರೂ ತಿಳಿಸಾರನ್ನೇ ನೆಚ್ಚಿಕೊಂಡ ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಉಳಿಯುವುದು ಸಹಜ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು ೨೨ ಗ್ರಾಂ ಸಸಾರಜನಕವುಂಟು. ಈ ಅಂಕಿಗಳೆಲ್ಲ ಒಣಬೇಳೆಗೆ ಸಂಬಂಧಿಸಿದವು. ನೆನೆದ, ಬೆಂದ ಬೇಳೆ ನೀರು ಕುಡಿದು ಹಿಗ್ಗಿರುತ್ತದೆ. ಹುಳಿಯ ಬಟ್ಟಲನ್ನು ಅಳೆದು ಫಲವಿಲ್ಲ. ಕೋಸಂಬರಿಯ ಹೆಸರುಬೇಳೆಯನ್ನೂ ನೆನೆಹಾಕುವ ಮುನ್ನವೇ ಅಳೆಯಬೇಕು.

ಮೂತ್ರಪಿಂಡದ ಬೇನೆಯುಳ್ಳ ಹಿರಿಯರಿದ್ದರೆ ಇಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಅವರಿಗೆ ಬೇಳೆಯ ಪ್ರಮಾಣವನ್ನು ವೈದ್ಯರೇ ಗೊತ್ತುಪಡಿಸುತ್ತಾರೆ. ೮೫ ಗ್ರಾಮಿನ ಮಾತು ಅವರಿಗಲ್ಲ. ಚೀಟಿಯಲ್ಲಿ ೩೦ ಗ್ರಾಂ ಎಂದಿದ್ದರೆ, ಅದು ಒಣಬೇಳೆಯೇ ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ೧೫ ಮಿಲಿಲೀಟರು ಹಿಡಿಯುವ ದೊಡ್ಡ ಚಮಚದಲ್ಲಿ ಮಟ್ಟವಾಗಿ ೧೨ ಗ್ರಾಂ ಬೇಳೆ ಹಿಡಿಯುವುದರಿಂದ ಎರಡೂವರೆ ಚಮಚವಾಯಿತು. ಇದನ್ನು ಪುಟ್ಟ ಬಟ್ಟಲಿಗೆ ಹಾಕಿ, ಮನೆಯ ಬೇಳೆಯ ಜೊತೆಗೆ ಕುಕ್ಕರಿನಲ್ಲಿ ಪ್ರತ್ಯೇಕವಾಗಿ ಇಟ್ಟರಾಯಿತು.